ಟೆಹರಾನ್ ಬಾಯಲ್ಲಿ ವಾಷಿಂಗ್ಟನ್ ಮಾತು

2015ರ ಮಾರ್ಚ್ 9ರಂದು ಅಮೆರಿಕದ 47 ಸೆನೆಟರ್‌ಗಳ ಸಹಿ ಇದ್ದ ಒಂದು ಬಹಿರಂಗ ಪತ್ರ ಹೊರಬಂತು. ಅದನ್ನು ಬರೆದದ್ದು ಅವರ ಅಧ್ಯಕ್ಷರಿಗಲ್ಲ, ಇರಾನಿನ ನಾಯಕರಿಗೆ. ಆಗ ಇರಾನಿನ ಅಣು ಕಾರ್ಯಕ್ರಮದ ಬಗ್ಗೆ ಸ್ವಿಟ್ಜರ್ಲೆಂಡಿನಲ್ಲಿ ಮಾತುಕತೆ ನಡೆಯುತ್ತಿತ್ತು. ಒಂದು ಕಡೆ ಇರಾನ್. ಇನ್ನೊಂದು ಕಡೆ ಅಮೆರಿಕ, ಬ್ರಿಟನ್, ಫ್ರಾನ್ಸ್, ಜರ್ಮನಿ, ರಷ್ಯಾ, ಚೀನಾ. ಇನ್ನೇನು ಒಂದು ಹಂತಕ್ಕೆ ಬರುತ್ತದೆ ಅನ್ನುವ ಹೊತ್ತಿಗೆ ಈ ಪತ್ರ ಬಂತು.

ಇದರ ಹಿಂದಿದ್ದವರು ಆರ್ಕನ್ಸಾ ರಾಜ್ಯದ ಟಾಮ್ ಕಾಟನ್. ಅವರು ಸೆನೆಟ್‌ಗೆ ಬಂದು ಎರಡು ತಿಂಗಳಾಗಿತ್ತಷ್ಟೆ. ಸಹಿ ಹಾಕಿದವರೆಲ್ಲ ರಿಪಬ್ಲಿಕನ್ನರು. ಅಧ್ಯಕ್ಷ ಬರಾಕ್ ಒಬಾಮಾ ಡೆಮಾಕ್ರಟಿಕ್ ಪಕ್ಷದವರು. ಪತ್ರದಲ್ಲಿದ್ದದ್ದು ಇಷ್ಟು: ನಮ್ಮ ಕಾಂಗ್ರೆಸ್ (ಅಮೆರಿಕದ ಸಂಸತ್ತು; ಸೆನೆಟ್ ಅದರ ಮೇಲ್ಮನೆ) ಒಪ್ಪದೆ ಇರುವ ಒಪ್ಪಂದ ಬರೀ ಒಬಾಮಾ ಮತ್ತು ನಿಮ್ಮ ಸರ್ವೋಚ್ಚ ನಾಯಕ ಖಮೇನಿ ಮಾಡಿಕೊಂಡದ್ದು ಅಂತಲೇ ನಾವು ನೋಡುತ್ತೇವೆ. ಒಬಾಮಾ 2017ರ ಜನವರಿಗೆ ಕುರ್ಚಿ ಬಿಡುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಅದಾದ ಮೇಲೂ ಇಲ್ಲೇ ಇರುತ್ತೇವೆ. ಮುಂದೆ ಬರುವ ಅಧ್ಯಕ್ಷರು ಪೆನ್ನಿನ ಒಂದೇ ಗೀಟಿನಲ್ಲಿ ಇದನ್ನು ರದ್ದು ಮಾಡಬಹುದು.

ಇರಾನಿನ ವಿದೇಶಾಂಗ ಸಚಿವ ಜವಾದ್ ಜರೀಫ್ ತಡಮಾಡದೆ ಉತ್ತರ ಕೊಟ್ಟರು. ಇದಕ್ಕೆ ಕಾನೂನಿನ ಬೆಲೆ ಇಲ್ಲ, ಇದು ಬಹುಪಾಲು ಪ್ರಚಾರದ ತಂತ್ರ ಅಂದರು. ಜರೀಫ್ ಡಾಕ್ಟರೇಟ್ ಮಾಡಿದ್ದು ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದಲ್ಲಿ. ಹಾಗಾಗಿ ಸೆನೆಟರ್‌ಗಳಿಗೆ ಅವರದೇ ವ್ಯವಸ್ಥೆಯ ಪಾಠ ಹೇಳುವುದು ಅವರಿಗೆ ಕಷ್ಟವಾಗಲಿಲ್ಲ. ನಿಮ್ಮ ದೇಶ ಹೊರಗಿನವರ ಜೊತೆ ಮಾಡಿಕೊಂಡ ಒಪ್ಪಂದಗಳಲ್ಲಿ ಬಹಳಷ್ಟು ಹೀಗೆ ಕಾಂಗ್ರೆಸ್ ಒಪ್ಪಿಗೆ ಇಲ್ಲದೆ ಅಧ್ಯಕ್ಷರೇ ಮಾಡಿದವಲ್ವಾ, ಅವೆಲ್ಲಕ್ಕೂ ಬೆಲೆ ಇಲ್ಲವೇ ಎಂಬ ಧಾಟಿಯಲ್ಲಿ ತಿರುಗಿ ಕೇಳಿದರು. ಮೂರು ದಿನ ಬಿಟ್ಟು ಸರ್ವೋಚ್ಚ ನಾಯಕ ಅಲಿ ಖಮೇನಿ ಇನ್ನೂ ಖಾರವಾಗಿ ಮಾತಾಡಿದರು. ಅಮೆರಿಕದ ರಾಜಕೀಯದಲ್ಲಿ ನೀತಿ ಕುಸಿದುಬಿದ್ದಿದೆ ಅನ್ನುವುದಕ್ಕೆ ಈ ಪತ್ರವೇ ಗುರುತು ಅಂದರು.

ಇದೆಲ್ಲ ಮೈಕಿನ ಮುಂದೆ. ಅದೇ ತಿಂಗಳ 16ಕ್ಕೆ ಲೌಸಾನ್ ನಗರದಲ್ಲಿ ಮತ್ತೆ ಮಾತುಕತೆ ಶುರುವಾಯಿತು. ಅಲ್ಲಿ ಬಾಗಿಲು ಹಾಕಿಕೊಂಡ ಮೇಲೆ ಇರಾನಿನವರು ಇದೇ ಪತ್ರವನ್ನು ಎತ್ತಿದರು. ಹಾಗಂತ ಪತ್ರಕರ್ತರಿಗೆ ಹೇಳಿದವರು ಅಮೆರಿಕದ ಅಧಿಕಾರಿಗಳೇ. ಹೊರಗೆ ‘ಇದಕ್ಕೆ ಬೆಲೆ ಇಲ್ಲ’ ಅಂದ ಕಾಗದವನ್ನೇ ಒಳಗೆ ಟೇಬಲ್ ಮೇಲೆ ಇಟ್ಟರು. ಈ ಎರಡು ನಡೆಗಳ ನಡುವೆ ಏನಿದೆ ಅಂತ ನೋಡಿದರೆ ಇಡೀ ವಿಷಯ ಬಿಡಿಸಿಕೊಳ್ಳುತ್ತದೆ.

ಎದುರಾಳಿ ದೇಶ ನಮ್ಮೊಳಗಿನ ಟೀಕಾಕಾರರ ಮಾತನ್ನು ಎತ್ತಿಕೊಂಡಾಗ ನಾವು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ. ಈ ಟೀಕಾಕಾರ ಯಾರ ಕಡೆಯವನು? ನನ್ನ ಪ್ರಕಾರ ಈ ಪ್ರಶ್ನೆಯಿಂದ ಏನೂ ಗೊತ್ತಾಗುವುದಿಲ್ಲ. ಕೇಳಬೇಕಾದ್ದು ಬೇರೆ. ಎದುರಾಳಿಗೆ ಈ ಮಾತು ಯಾಕೆ ಬೇಕಾಯಿತು? ಸುಮ್ನೆ ಅಲಂಕಾರಕ್ಕೋ, ಚೌಕಾಸಿಗೋ?

ಅಲಂಕಾರಕ್ಕೆ ಬಳಸುವುದೇ ಜಾಸ್ತಿ. 2007ರ ಡಿಸೆಂಬರ್‌ನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಗಳು ಒಟ್ಟಾಗಿ ಒಂದು ಅಂದಾಜು ಹೊರಗೆ ಬಿಟ್ಟವು. ಇರಾನ್ 2003ರಲ್ಲೇ ಅಣ್ವಸ್ತ್ರ ತಯಾರಿಯ ಕೆಲಸ ನಿಲ್ಲಿಸಿತ್ತು ಅಂತ ಅದರಲ್ಲಿ ಇತ್ತು. ಅಧ್ಯಕ್ಷ ಬುಷ್ ಇರಾನ್ ಮೇಲೆ ಗುಡುಗುತ್ತಿದ್ದ ಕಾಲ ಅದು. ಇರಾನಿನ ಅಧ್ಯಕ್ಷ ಮಹಮೂದ್ ಅಹ್ಮದಿನೆಜಾದ್ ಇದನ್ನು ತಮ್ಮ ಜನರ ಗೆಲುವು ಅಂತ ಸಾರಿದರು. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತೂ ಇತ್ತು. 2003ರವರೆಗೆ ಇರಾನ್ ಅಣ್ವಸ್ತ್ರದ ಕೆಲಸ ಮಾಡುತ್ತಿತ್ತು ಅಂತ. ಇರಾನ್ ಅದನ್ನು ಯಾವತ್ತೂ ಒಪ್ಪಿಲ್ಲ. ‘ನಿಲ್ಲಿಸಿತು’ ಅನ್ನುವುದನ್ನು ಎತ್ತಿಕೊಂಡು, ‘ಮಾಡುತ್ತಿತ್ತು’ ಅನ್ನುವುದನ್ನು ಬಿಟ್ಟರು. ಅಲಂಕಾರದ ಉಲ್ಲೇಖ ಯಾವಾಗಲೂ ಹೀಗೇ. ಅರ್ಧ ವಾಕ್ಯ ಸಾಕು, ಪೂರ್ತಿ ಬೇಕಾಗಿಲ್ಲ. ಅದನ್ನು ಹೇಳುವುದು ಕೂಡ ಹೆಚ್ಚಾಗಿ ತಮ್ಮ ಮನೆಯವರು ಕೇಳಲಿ ಅಂತಲೇ.

ಚೌಕಾಸಿಯ ಬಳಕೆ ಬೇರೆ ಥರ. ನೀವು ಒಂದು ಸೈಟು ಕೊಳ್ಳಲು ಹೊರಟಿದ್ದೀರಿ ಅಂದುಕೊಳ್ಳಿ. ಮಾರುವವನ ಜೊತೆ ಮಾತು ಮುಗಿಯುತ್ತಾ ಬಂದಿದೆ. ಅಷ್ಟರಲ್ಲಿ ಅವನ ತಮ್ಮನಿಂದ ನಿಮಗೆ ಕಾಗದ ಬರುತ್ತದೆ: ‘ನಮ್ಮಣ್ಣ ಸಹಿ ಹಾಕಿದರೂ ನಾನು ಒಪ್ಪಲ್ಲ, ನಾಳೆ ಅಧಿಕಾರ ನನ್ನ ಕೈಗೆ ಬಂದ ದಿನ ಕ್ರಯವನ್ನು ರದ್ದು ಮಾಡಿಸ್ತೀನಿ.’ ನೀವು ಏನು ಮಾಡುತ್ತೀರಿ? ಹೊರಗೆ ನಾಲ್ಕು ಜನರ ಮುಂದೆ ‘ಆ ಕಾಗದಕ್ಕೆ ಕೋರ್ಟಿನಲ್ಲಿ ಬೆಲೆ ಇಲ್ಲ’ ಅನ್ನುತ್ತೀರಿ. ಒಳಗೆ ಕೂತಾಗ ಅದೇ ಕಾಗದ ತೋರಿಸಿ ‘ನೋಡಿ ಸ್ವಾಮಿ, ಒಂದೋ ತಮ್ಮನ ಸಹಿಯನ್ನೂ ತನ್ನಿ, ಇಲ್ಲಾ ರೇಟು ಇಳಿಸಿ’ ಅನ್ನುತ್ತೀರಿ. ಜರೀಫ್ ಅವರ ಎರಡು ನಡೆಗಳಲ್ಲಿ ಇದ್ದದ್ದೂ ಇದೇ ಲೆಕ್ಕ.

ತಮ್ಮನ ತಕರಾರಿನಿಂದ ಅಣ್ಣನಿಗೂ ಲಾಭ ಇದೆ. ‘ನನಗೇನೋ ಒಪ್ಪಿಗೆ, ಮನೆಯಲ್ಲಿ ಬಿಡ್ತಿಲ್ಲ’ ಅಂತ ಹೇಳಿ ಅವನು ಬೆಲೆ ಏರಿಸಬಹುದು. ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಇದನ್ನು 1960ರಲ್ಲೇ ಗುರುತಿಸಿದ್ದರು. ಮನೆಯವರು ಕೈ ಕಟ್ಟಿಹಾಕಿರುವ ಸಂಧಾನಕಾರನಿಗೆ ಆ ಕಟ್ಟೇ ಬಲವಾಗಬಹುದು ಅಂತ. 1988ರಲ್ಲಿ ಅಮೆರಿಕದ ರಾಜಕೀಯ ವಿಜ್ಞಾನಿ ರಾಬರ್ಟ್ ಪುಟ್ನಮ್ ಇದನ್ನು ಮುಂದುವರಿಸಿದರು. ಯಾವ ಸಂಧಾನಕಾರನಾದರೂ ಒಂದೇ ಹೊತ್ತಿಗೆ ಎರಡು ಆಟ ಆಡುತ್ತಿರುತ್ತಾನೆ, ಒಂದು ಎದುರು ಕೂತವನ ಜೊತೆ, ಇನ್ನೊಂದು ತನ್ನ ಬೆನ್ನ ಹಿಂದೆ ಇರುವವರ ಜೊತೆ ಅಂದರು. ಇರಾನ್ ಈ ಆಟವನ್ನು ಚೆನ್ನಾಗಿಯೇ ಆಡಿತು. ‘ನಮ್ಮ ಮಜ್ಲಿಸ್ (ಇರಾನಿನ ಸಂಸತ್ತು) ಒಪ್ಪಲ್ಲ, ನಮ್ಮ ಕಟ್ಟರ್ ನಿಲುವಿನವರು ಬಿಡಲ್ಲ’ ಅನ್ನುವುದು ಅವರ ಸಂಧಾನಕಾರರ ಕೈಯಲ್ಲಿ ಸದಾ ಇದ್ದ ಸಾಮಾನು.

ಇಲ್ಲೊಂದು ಉಪಕಥೆ ಇದೆ. ಇದೇ ಆಟ ತಿರುಗುಮುರುಗಾಗಿ ನಡೆದದ್ದು. 2003ರಿಂದ 2005ರವರೆಗೆ ಇರಾನಿನ ಮುಖ್ಯ ಅಣು ಸಂಧಾನಕಾರರಾಗಿದ್ದವರು ಹಸನ್ ರೂಹಾನಿ. ಯುರೋಪಿನವರಿಗೆ ಮಣಿದುಬಿಟ್ಟರು ಅಂತ ಅವರ ಮೇಲೆ ಮನೆಯಲ್ಲೇ ದಾಳಿ ಶುರುವಾಯಿತು. ತಮ್ಮನ್ನು ಸಮರ್ಥಿಸಿಕೊಳ್ಳಲು ಅವರು ತಮ್ಮವರ ಮುಂದೆ ಒಂದು ಮಾತು ಆಡಿದರು. ಟೆಹರಾನಿನಲ್ಲಿ ನಾವು ಯುರೋಪಿನವರ ಜೊತೆ ಮಾತಾಡುತ್ತಿದ್ದಾಗಲೇ ಇಸ್ಫಹಾನಿನ ಅಣು ಸ್ಥಾವರದಲ್ಲಿ ಉಪಕರಣ ಜೋಡಿಸುತ್ತಿದ್ದೆವು ಅಂತ. ‘ನಾನೇನು ಸೋತು ಬರಲಿಲ್ಲ’ ಅಂತ ಮನೆಯವರಿಗೆ ಸಮಾಧಾನ ಹೇಳಿದ ಮಾತು ಅದು. 2013ರಲ್ಲಿ ರೂಹಾನಿ ಅಧ್ಯಕ್ಷರಾದರು. ಅಕ್ಟೋಬರ್ 1ರಂದು ಇಸ್ರೇಲಿನ ಪ್ರಧಾನಿ ಬೆಂಜಮಿನ್ ನೆತನ್ಯಾಹು ವಿಶ್ವಸಂಸ್ಥೆಯಲ್ಲಿ ನಿಂತು ಅದೇ ಮಾತನ್ನು ಓದಿ ಹೇಳಿದರು. ನೋಡಿ, ಇವರು ಮೋಸ ಮಾಡಿದ್ದನ್ನು ಇವರೇ ಒಪ್ಪಿಕೊಂಡಿದ್ದಾರೆ ಅಂತ. ಅಂದರೆ ಟೀಕಾಕಾರನ ಮಾತೇ ಆಗಬೇಕಾಗಿಲ್ಲ. ಟೀಕಾಕಾರನಿಗೆ ಕೊಟ್ಟ ಉತ್ತರವನ್ನೂ ಹೊರಗಿನವರು ಎತ್ತಿಕೊಂಡು ಹೋಗುತ್ತಾರೆ.

2015ರ ಏಪ್ರಿಲ್ 2ರಂದು ಲೌಸಾನ್‌ನಲ್ಲಿ ಒಪ್ಪಂದದ ಚೌಕಟ್ಟು ಸಿದ್ಧವಾಯಿತು. ಅಮೆರಿಕ ತಕ್ಷಣ ತನ್ನ ಜನರಿಗಾಗಿ ಒಂದು ವಿವರಣಾ ಪತ್ರ ಹೊರಡಿಸಿತು. ಇರಾನ್ ಎಷ್ಟೆಲ್ಲ ಬಿಟ್ಟುಕೊಟ್ಟಿದೆ ಅನ್ನುವ ಪಟ್ಟಿ ಅದು. ರಿಪಬ್ಲಿಕನ್ ಟೀಕಾಕಾರರ ಬಾಯಿ ಮುಚ್ಚಿಸಲು ಬರೆದದ್ದು. ಆದರೆ ಅದನ್ನು ಹೆಚ್ಚು ಗಮನ ಕೊಟ್ಟು ಓದಿದವರು ಟೆಹರಾನಿನ ಕಟ್ಟರ್ ನಿಲುವಿನವರು. ‘ಅಮೆರಿಕವೇ ಹೇಳ್ತಿದೆ, ನೀವು ಇಷ್ಟೆಲ್ಲ ಕೊಟ್ಟು ಬಂದಿದ್ದೀರಿ’ ಅಂತ ಜರೀಫ್ ಮೇಲೆ ಬಿದ್ದರು. ಇಷ್ಟು ಬೇಗ ವಿವರಣಾ ಪತ್ರ ತಂದು ತಿರುಚುವ ಅಗತ್ಯ ಇರಲಿಲ್ಲ ಅಂತ ಜರೀಫ್ ಟ್ವೀಟ್ ಮಾಡಬೇಕಾಯಿತು. ಕಟ್ಟರ್ ನಿಲುವಿನ ಕಯ್ಹಾನ್ ಪತ್ರಿಕೆಯ ಸಂಪಾದಕ ಹುಸೇನ್ ಶರಿಯತ್‌ಮದಾರಿ ಅವರ ಮಾತಂತೂ ಊರೆಲ್ಲ ಹರಡಿತು: ಓಟಕ್ಕೆ ಸಜ್ಜಾಗಿದ್ದ ಕುದುರೆ ಕೊಟ್ಟು ಹರಿದ ಲಗಾಮು ತಂದಿದ್ದಾರೆ!

ನಮಗೂ ಇದರ ರುಚಿ ಗೊತ್ತು. ಭಾರತ–ಅಮೆರಿಕ ಅಣು ಒಪ್ಪಂದದ ಹೊತ್ತಿನಲ್ಲಿ ಅಮೆರಿಕದ ಕಾಂಗ್ರೆಸ್ ಅಲ್ಲಿನ ವಿದೇಶಾಂಗ ಇಲಾಖೆಗೆ ಪ್ರಶ್ನೆಗಳ ದೊಡ್ಡ ಪಟ್ಟಿ ಕೊಟ್ಟಿತ್ತು. ಉತ್ತರಗಳನ್ನು ತಿಂಗಳುಗಟ್ಟಲೆ ಗುಟ್ಟಾಗಿ ಇಟ್ಟಿದ್ದರು. 2008ರ ಸೆಪ್ಟೆಂಬರ್ ಶುರುವಿನಲ್ಲಿ ಕಾಂಗ್ರೆಸ್ ಸದಸ್ಯ ಹೋವರ್ಡ್ ಬರ್ಮನ್ ಅವನ್ನು ಹೊರಗೆ ಬಿಟ್ಟರು. ಭಾರತ ಅಣು ಪರೀಕ್ಷೆ ಮಾಡಿದರೆ ಸಹಕಾರ ನಿಲ್ಲಿಸಬಹುದು ಅನ್ನುವ ಅರ್ಥದ ಮಾತು ಅದರಲ್ಲಿತ್ತು. ಇಲ್ಲಿ ಬಿಜೆಪಿಯವರೂ ಎಡಪಕ್ಷದವರೂ ಅದನ್ನೇ ಹಿಡಿದುಕೊಂಡರು. ಪ್ರಧಾನಿ ಮನಮೋಹನ್ ಸಿಂಗ್ ಸಂಸತ್ತಿಗೆ ಹೇಳಿದ್ದೇ ಬೇರೆ, ಅಮೆರಿಕ ಹೇಳ್ತಿರುವುದೇ ಬೇರೆ ಅಂದರು. ಎಡಪಕ್ಷಗಳು ಜುಲೈನಲ್ಲೇ ಬೆಂಬಲ ಹಿಂತೆಗೆದುಕೊಂಡಿದ್ದವು. ಸರ್ಕಾರ ವಿಶ್ವಾಸಮತವನ್ನು 275–256ರಲ್ಲಿ ಗೆದ್ದು ಉಳಿದಿತ್ತು. ಅಲ್ಲಿ ಅಮೆರಿಕ ಎದುರಾಳಿಯಾಗಿರಲಿಲ್ಲ, ಮಿತ್ರನೇ. ಆದರೂ ಆದದ್ದು ಅದೇ. ಎರಡೂ ಸರ್ಕಾರಗಳು ತಮ್ಮ ತಮ್ಮ ಮನೆಯಲ್ಲಿ ಬೇರೆ ಬೇರೆ ಥರ ಹೇಳಿಕೊಂಡಿದ್ದವು. ಒಂದು ಮನೆಯ ಮಾತು ಇನ್ನೊಂದು ಮನೆಗೆ ಕೇಳಿಸಿಬಿಟ್ಟಿತು.

ಈಗ ನಿಷ್ಠೆಯ ಆರೋಪಕ್ಕೆ ಬರೋಣ. ಕಾಟನ್ ಪತ್ರ ಬಂದ ದಿನವೇ ಒಬಾಮಾ ಒಂದು ಚುಚ್ಚು ಮಾತು ಹೇಳಿದರು. ನಮ್ಮ ಕೆಲವು ಸಂಸದರು ಇರಾನಿನ ಕಟ್ಟರ್ ನಿಲುವಿನವರ ಜೊತೆ ಒಂದಾಗಲು ಹೊರಟಿದ್ದಾರೆ, ವಿಚಿತ್ರ ಮೈತ್ರಿ ಇದು ಅಂತ. ಆಗಸ್ಟ್‌ನಲ್ಲಿ ಅಮೆರಿಕನ್ ಯೂನಿವರ್ಸಿಟಿಯ ಭಾಷಣದಲ್ಲಿ ಇನ್ನೂ ಮುಂದೆ ಹೋದರು. ‘ಅಮೆರಿಕಕ್ಕೆ ಸಾವು’ ಅಂತ ಕೂಗುವವರೂ ರಿಪಬ್ಲಿಕನ್ನರೂ ಒಂದೇ ಕಡೆ ನಿಂತಿದ್ದಾರೆ ಅನ್ನುವ ಅರ್ಥ ಬರುವ ಹಾಗೆ ಮಾತಾಡಿದರು. ಇದು ಸರಿಯಾದ ವಾದ ಅಂತ ನನಗೆ ಅನ್ನಿಸುವುದಿಲ್ಲ. ಒಪ್ಪಂದ ಬೇಡ ಅನ್ನುವುದರಲ್ಲಿ ಇಬ್ಬರೂ ಒಂದೇ ಇರಬಹುದು. ಆದರೆ ಒಬ್ಬರು ಬೇಡ ಅಂದದ್ದು ಇರಾನಿಗೆ ಜಾಸ್ತಿ ಸಿಕ್ಕಿತು ಅಂತ, ಇನ್ನೊಬ್ಬರು ಬೇಡ ಅಂದದ್ದು ಕಡಿಮೆ ಸಿಕ್ಕಿತು ಅಂತ.

ಈ ಅಸ್ತ್ರ ಎರಡೂ ಪಕ್ಷಗಳದ್ದು. 1982ರ ಜೂನ್ 12ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಸುಮಾರು 10 ಲಕ್ಷ ಜನ ಅಣ್ವಸ್ತ್ರಗಳ ವಿರುದ್ಧ ಸೇರಿದ್ದರು. ಅಣ್ವಸ್ತ್ರ ತಯಾರಿ ಇದ್ದಲ್ಲಿಗೇ ನಿಲ್ಲಲಿ ಅನ್ನುವುದು ಅವರ ಬೇಡಿಕೆ. ಸೋವಿಯತ್ ಪತ್ರಿಕೆಗಳಿಗೆ ಇದು ಹಬ್ಬ. ಅಧ್ಯಕ್ಷ ರೊನಾಲ್ಡ್ ರೇಗನ್ ಈ ಚಳವಳಿಯ ಹಿಂದೆ ಅಮೆರಿಕ ದುರ್ಬಲವಾಗಲಿ ಅನ್ನುವವರ ಕೈ ಇದೆ ಅಂದರು. ಐದು ವರ್ಷ ಕಳೆದು, 1987ರಲ್ಲಿ, ಅದೇ ರೇಗನ್ ಸೋವಿಯತ್ ನಾಯಕ ಗೊರ್ಬಚೆವ್ ಜೊತೆ ಕೂತು ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳ ಒಂದು ವರ್ಗವನ್ನೇ ಇಲ್ಲವಾಗಿಸುವ ಒಪ್ಪಂದಕ್ಕೆ ಸಹಿ ಹಾಕಿದರು. ಆಗ ಅವರನ್ನು ಬೈದವರು ಅವರದೇ ಬಲಪಂಥೀಯ ಗೆಳೆಯರು.

ಎದುರಾಳಿ ಉಲ್ಲೇಖಿಸಿದ ಅನ್ನುವುದು ಎಷ್ಟು ದುರ್ಬಲ ಸಾಕ್ಷಿ ಅನ್ನುವುದಕ್ಕೆ ನಮ್ಮಲ್ಲೇ ಒಂದು ಉದಾಹರಣೆ ಇದೆ. ಅಣು ವಿಷಯದ್ದಲ್ಲ, ಆದರೂ ಹೇಳಬೇಕು. 2019ರ ಆಗಸ್ಟ್‌ನಲ್ಲಿ ಕಾಶ್ಮೀರದ ಬಗ್ಗೆ ಪಾಕಿಸ್ತಾನದ ಸಚಿವೆ ಶಿರೀನ್ ಮಜಾರಿ ವಿಶ್ವಸಂಸ್ಥೆಗೆ ಪತ್ರ ಬರೆದರು. ಅದರಲ್ಲಿ ರಾಹುಲ್ ಗಾಂಧಿ ಮಾತಿನ ಉಲ್ಲೇಖ ಇತ್ತು. ಇಲ್ಲಿ ದೊಡ್ಡ ಗಲಾಟೆ ಆಯಿತು. ಕಾಶ್ಮೀರ ಭಾರತದ ಆಂತರಿಕ ವಿಷಯ ಅಂತ ರಾಹುಲ್ ಟ್ವೀಟ್ ಮಾಡಬೇಕಾಯಿತು. ಅದೇ ಪತ್ರದಲ್ಲಿ ಬಿಜೆಪಿಯ ಹರಿಯಾಣ ಮುಖ್ಯಮಂತ್ರಿ ಮನೋಹರ್ ಲಾಲ್ ಖಟ್ಟರ್ ಮಾತೂ ಇತ್ತು. ಬರೆದವರಿಗೆ ಯಾರ ಪಕ್ಷ ಯಾವುದು ಅನ್ನುವುದು ಮುಖ್ಯವಾಗಿರಲಿಲ್ಲ. ತಮ್ಮ ವಾದಕ್ಕೆ ಯಾವುದು ಹೊಂದುತ್ತದೋ ಅದನ್ನು ಆರಿಸಿಕೊಂಡರು.

ಹಾಗಂದರೆ ಟೀಕಾಕಾರರಿಗೆ ಯಾವ ಹೊಣೆಯೂ ಇಲ್ಲವೇ? ಇದೆ. ಯಾರನ್ನು ಉದ್ದೇಶಿಸಿ ಮಾತಾಡಿದರು ಅನ್ನುವುದರಲ್ಲಿ ಇದೆ. ಸೆನೆಟ್ ಒಳಗೆ ನಿಂತು ಒಪ್ಪಂದವನ್ನು ಬೈಯುವುದು ಸೆನೆಟರ್ ಕೆಲಸ. ಅದನ್ನು ಟೆಹರಾನ್ ಕೇಳಿಸಿಕೊಂಡರೆ ಯಾರೂ ತಡೆಯಲಾಗದು. ಟೆಹರಾನಿಗೇ ಕಾಗದ ಬರೆಯುವುದು ಬೇರೆ. ಅಲ್ಲಿ ಟೀಕಾಕಾರ ತಾನೇ ಮಾತುಕತೆಯ ಮೂರನೇ ಕುರ್ಚಿ ಎಳೆದುಕೊಂಡು ಕೂತ ಹಾಗೆ. ರಿಪಬ್ಲಿಕನ್ ಪಕ್ಷದಲ್ಲೇ ಏಳು ಸೆನೆಟರ್‌ಗಳು ಸಹಿ ಹಾಕಲಿಲ್ಲ. ಅವರಲ್ಲೊಬ್ಬರು ವಿದೇಶಾಂಗ ಸಮಿತಿಯ ಅಧ್ಯಕ್ಷ ಬಾಬ್ ಕಾರ್ಕರ್. ಅವರು ಒಪ್ಪಂದ ಕಾಂಗ್ರೆಸ್ಸಿನ ಪರಿಶೀಲನೆಗೆ ಬರಲೇಬೇಕು ಅನ್ನುವ ಮಸೂದೆ ತಂದರು. ಅದು ಸೆನೆಟ್‌ನಲ್ಲಿ 98–1ರಲ್ಲಿ ಪಾಸಾಯಿತು. ಬೇಡ ಅಂದ ಆ ಒಬ್ಬರು ಕಾಟನ್.

ಇದೇ ಅಳತೆಗೋಲನ್ನು ಜಾನ್ ಕೆರಿ ಅವರಿಗೂ ಹಿಡಿಯಬೇಕು. 2015ರ ಒಪ್ಪಂದ ಮಾಡಿದ ವಿದೇಶಾಂಗ ಸಚಿವರು ಅವರು. ಕುರ್ಚಿ ಬಿಟ್ಟ ಮೇಲೂ ಜರೀಫ್ ಅವರನ್ನು ಮೂರು ನಾಲ್ಕು ಸಲ ಭೇಟಿಯಾದೆ ಅಂತ 2018ರಲ್ಲಿ ತಾವೇ ಒಪ್ಪಿಕೊಂಡರು. ಆಗ ಟ್ರಂಪ್ ಸರ್ಕಾರ ಇರಾನ್ ಮೇಲೆ ಒತ್ತಡ ಹೇರುತ್ತಿತ್ತು. ಮೊದಲು ಕಾಟನ್ ಬಗ್ಗೆ ಹೇಳಿದ್ದನ್ನೆಲ್ಲ ಈಗ ಕೆರಿ ಬಗ್ಗೆ ಹೇಳಿದರು, ಹೇಳುವವರ ಪಕ್ಷ ಮಾತ್ರ ಬದಲಾಗಿತ್ತು. ಎರಡು ಸಲವೂ ಜನ ಲೋಗನ್ ಕಾಯ್ದೆಯ ಹೆಸರು ಎತ್ತಿದರು. ಸರ್ಕಾರದ ಅನುಮತಿ ಇಲ್ಲದೆ ಖಾಸಗಿಯವರು ವಿದೇಶದ ಜೊತೆ ಸಂಧಾನ ಮಾಡಬಾರದು ಅನ್ನುವ 1799ರ ಕಾನೂನು ಅದು. ಅದರಡಿ ಇದುವರೆಗೆ ಒಬ್ಬರಿಗೂ ಶಿಕ್ಷೆಯಾಗಿಲ್ಲ.

ಮತ್ತೆ ಒಪ್ಪಂದದ ಕಥೆಗೆ ಬರೋಣ. 2015ರ ಜುಲೈ 14ರಂದು ವಿಯೆನ್ನಾದಲ್ಲಿ ಅದು ಮುಗಿಯಿತು. ಯುರೇನಿಯಂ ಸಂವರ್ಧನೆಯನ್ನು (ಇಂಧನಕ್ಕೋ ಬಾಂಬಿಗೋ ಬೇಕಾದ ಅಂಶದ ಪಾಲು ಹೆಚ್ಚಿಸುವುದನ್ನು) 3.67 ಶೇಕಡಾ ಮೀರಿಸುವುದಿಲ್ಲ, ಅಂಥ ಯುರೇನಿಯಂ 300 ಕಿಲೋಗಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ ಅಂತ ಇರಾನ್ ಒಪ್ಪಿತು. ವಿದ್ಯುತ್ ಸ್ಥಾವರಕ್ಕೆ ಅಷ್ಟು ಸಂವರ್ಧನೆ ಸಾಕು. ಬಾಂಬಿಗೆ ಸುಮಾರು 90 ಶೇಕಡಾ ಬೇಕು. ಬದಲಿಗೆ ಇರಾನ್ ಮೇಲಿನ ನಿರ್ಬಂಧಗಳು ಸಡಿಲವಾದವು. ಸೆನೆಟ್‌ನಲ್ಲಿ ಇದನ್ನು ತಿರಸ್ಕರಿಸುವ ಗೊತ್ತುವಳಿ ಬಂದಾಗ ಡೆಮಾಕ್ರಟಿಕ್ ಕಡೆಯ 42 ಮಂದಿ ಅಡ್ಡ ನಿಂತು ಮತಕ್ಕೇ ಬರದ ಹಾಗೆ ನೋಡಿಕೊಂಡರು. ಅಂದರೆ ಒಪ್ಪಂದ ಉಳಿಯಿತು, ಆದರೆ ಸೈಟಿನ ಕಥೆಯ ‘ತಮ್ಮ’ ಸಹಿ ಹಾಕಲಿಲ್ಲ.

2018ರ ಮೇ 8ರಂದು ಅಧ್ಯಕ್ಷ ಟ್ರಂಪ್ ಅಮೆರಿಕವನ್ನು ಒಪ್ಪಂದದಿಂದ ಹೊರಗೆ ತಂದರು. ಪತ್ರದಲ್ಲಿ ಬರೆದ ಹಾಗೆಯೇ ಆಯಿತು. ಬೆಲೆ ಇಲ್ಲ ಅಂದಿದ್ದ ಆ ಕಾಗದವೇ ಜರೀಫ್ ಪಾಲಿಗೆ ಭವಿಷ್ಯವಾಣಿ ಆಗಿಬಿಟ್ಟಿತ್ತು.

ಅಲ್ಲಿಂದ ಮುಂದೆ ಇರಾನ್ ಹಂತಹಂತವಾಗಿ ಮಿತಿಗಳನ್ನು ದಾಟಿತು. 2020ರ ನವೆಂಬರ್‌ನಲ್ಲಿ ಅದರ ಅಣು ವಿಜ್ಞಾನಿ ಮೊಹ್ಸೆನ್ ಫಖ್ರಿಜಾದೆ ಅವರ ಕೊಲೆಯಾಯಿತು. ಕೂಡಲೇ ಮಜ್ಲಿಸ್ ಸಂವರ್ಧನೆ ಹೆಚ್ಚಿಸಬೇಕು ಅನ್ನುವ ಕಾನೂನು ಮಾಡಿತು. ರೂಹಾನಿ ಸರ್ಕಾರ ಬೇಡ ಅಂದರೂ ಕೇಳಲಿಲ್ಲ. 2021ರ ಜನವರಿಯಲ್ಲಿ 20 ಶೇಕಡಾ, ಏಪ್ರಿಲ್‌ನಲ್ಲಿ 60. ಬೈಡನ್ ಬಂದ ಮೇಲೆ ವಿಯೆನ್ನಾದಲ್ಲಿ ಮತ್ತೆ ಮಾತುಕತೆ ಶುರುವಾಯಿತು. ಇರಾನ್ ಈ ಸಲ ಒಂದೇ ಪಟ್ಟು ಹಿಡಿಯಿತು: ಮುಂದಿನ ಅಧ್ಯಕ್ಷರು ಹೊರಗೆ ಹೋಗುವುದಿಲ್ಲ ಅಂತ ಖಾತ್ರಿ ಕೊಡಿ. ಬೈಡನ್ ಕಡೆಯವರು ಅಂಥ ಖಾತ್ರಿ ಕೊಡಲಾಗುವುದಿಲ್ಲ ಅಂದರು. ಕೊಡಲು ಅವರ ಕೈಯಲ್ಲಿ ಇರಲೂ ಇಲ್ಲ. 2022ರ ಮಾರ್ಚ್‌ನಲ್ಲಿ 50 ರಿಪಬ್ಲಿಕನ್ ಸೆನೆಟರ್‌ಗಳಲ್ಲಿ 49 ಮಂದಿ ಹೊಸ ಒಪ್ಪಂದಕ್ಕೆ ನಮ್ಮ ಬೆಂಬಲ ಇಲ್ಲ ಅಂತ ಹೇಳಿಕೆ ಕೊಟ್ಟರು. ಆ ಹೊತ್ತಿಗೆ ಇರಾನಿನ ಪರವಾಗಿ ಕೂತಿದ್ದವರು ಅಲಿ ಬಾಗೇರಿ ಕನಿ. 2015ರ ಒಪ್ಪಂದವನ್ನು ಟೆಹರಾನಿನಲ್ಲಿ ಟೀಕಿಸಿದವರಲ್ಲಿ ಅವರೂ ಒಬ್ಬರು! ಎರಡೂ ದೇಶಗಳ ಟೀಕಾಕಾರರು ಈಗ ಮಾತುಕತೆಯ ಒಳಗೇ ಇದ್ದರು.

ಈ ಹಂತದಲ್ಲಿ ಉಲ್ಲೇಖ ಅಲಂಕಾರವಾಗಿ ಉಳಿದಿರಲಿಲ್ಲ. ಇಂಥವರು ಹೀಗೆ ಬೈದರು ಅನ್ನುವುದರಿಂದ ಯಾವ ದೇಶವೂ ತನ್ನ ಷರತ್ತು ಬದಲಿಸುವುದಿಲ್ಲ. ಇಂಥವರು ನಾಳೆ ಅಧಿಕಾರಕ್ಕೆ ಬಂದು ಇದನ್ನು ಹರಿದು ಹಾಕುತ್ತಾರೆ ಅನ್ನುವುದರಿಂದ ಬದಲಿಸುತ್ತದೆ. ಟೀಕೆಯ ಗಟ್ಟಿತನಕ್ಕಿಂತ ಟೀಕಾಕಾರನ ಮುಂದಿನ ಚುನಾವಣೆ ಮುಖ್ಯ.

ಟ್ರಂಪ್ ಕಾಲದಲ್ಲಿ ಈ ವ್ಯವಹಾರಕ್ಕೆ ಒಂದು ಹೊಸ ತಿರುವು ಬಂತು. 2019ರ ಮೇ ತಿಂಗಳಲ್ಲಿ ಉತ್ತರ ಕೊರಿಯಾದ ಸರ್ಕಾರಿ ಸುದ್ದಿಸಂಸ್ಥೆ ಜೋ ಬೈಡನ್ ಅವರನ್ನು ಬುದ್ಧಿ ಕಡಿಮೆ ಇರುವವರು ಅಂತ ಹೀಯಾಳಿಸಿತು. ಟ್ರಂಪ್ ಮತ್ತು ಉತ್ತರ ಕೊರಿಯಾದ ನಾಯಕ ಕಿಮ್ ನಡುವಿನ ಹನೋಯ್ ಶೃಂಗಸಭೆ ಮುರಿದುಬಿದ್ದು ಮೂರು ತಿಂಗಳಾಗಿತ್ತು. ಟ್ರಂಪ್ ಟೋಕಿಯೋದಲ್ಲಿ ಜಪಾನ್ ಪ್ರಧಾನಿ ಶಿಂಜೊ ಅಬೆ ಪಕ್ಕದಲ್ಲಿ ನಿಂತು, ಈ ವಿಷಯದಲ್ಲಿ ಕಿಮ್ ಜಾಂಗ್ ಉನ್ ಹೇಳಿದ್ದನ್ನು ಒಪ್ಪುತ್ತೇನೆ ಅಂದರು. ಇಲ್ಲಿ ಎದುರಾಳಿ ನಮ್ಮ ಟೀಕಾಕಾರನನ್ನು ಎತ್ತಿಕೊಂಡದ್ದಲ್ಲ. ಅಧ್ಯಕ್ಷರೇ ಎದುರಾಳಿಯ ಮಾತನ್ನು ತಮ್ಮ ಟೀಕಾಕಾರನ ಮೇಲೆ ಎಸೆದರು. ಅದೇ ವರ್ಷ ಜರೀಫ್ ‘ಬಿ ಟೀಮ್’ ಅಂತ ಒಂದು ಹೆಸರು ಚಲಾವಣೆಗೆ ಬಿಟ್ಟಿದ್ದರು. ಟ್ರಂಪ್ ಅವರ ಭದ್ರತಾ ಸಲಹೆಗಾರ ಬೋಲ್ಟನ್, ಇಸ್ರೇಲಿನ ಬೀಬಿ ನೆತನ್ಯಾಹು, ಸೌದಿ ಯುವರಾಜ ಬಿನ್ ಸಲ್ಮಾನ್, ಅಬುಧಾಬಿ ಯುವರಾಜ ಬಿನ್ ಜಾಯೇದ್. ಯುದ್ಧ ಬೇಕಾಗಿರುವುದು ಟ್ರಂಪ್‌ಗಲ್ಲ, ಇವರಿಗೆ ಅನ್ನುವುದು ಅವರ ವಾದ. ಟ್ರಂಪ್ ಅವರನ್ನು ಅವರ ಸಲಹೆಗಾರರಿಂದಲೇ ಬಿಡಿಸಿ ನಿಲ್ಲಿಸುವ ಜಾಣತನ.

2025ರ ಜೂನ್ 22ರಂದು ಅಮೆರಿಕ ಇರಾನಿನ ಫೋರ್ಡೊ, ನತಾಂಜ್, ಇಸ್ಫಹಾನ್ ಅಣು ಸ್ಥಾವರಗಳ ಮೇಲೆ ಬಾಂಬ್ ಹಾಕಿತು. ಎಲ್ಲ ನಿರ್ನಾಮವಾಯಿತು ಅಂದರು ಟ್ರಂಪ್. ಎರಡೇ ದಿನದಲ್ಲಿ ಪೆಂಟಗನ್‌ನ ಗುಪ್ತಚರ ವಿಭಾಗದ ಮೊದಲ ಅಂದಾಜು ಸೋರಿಕೆಯಾಯಿತು. ಇರಾನಿನ ಕಾರ್ಯಕ್ರಮ ಕೆಲವು ತಿಂಗಳಷ್ಟೇ ಹಿಂದೆ ಬಿದ್ದಿದೆ ಅಂತ ಅದರಲ್ಲಿ ಇತ್ತು. ಖಮೇನಿ 26ರಂದು ಟಿವಿಯಲ್ಲಿ ಬಂದು ಟ್ರಂಪ್ ಉತ್ಪ್ರೇಕ್ಷೆ ಮಾಡುತ್ತಿದ್ದಾರೆ, ದಾಳಿಯಿಂದ ಅವರಿಗೆ ಏನೂ ದಕ್ಕಲಿಲ್ಲ ಅಂದರು. ಟ್ರಂಪ್ ಅವರ ಟೀಕಾಕಾರರು ಹೇಳುತ್ತಿದ್ದುದಕ್ಕೂ ಇದಕ್ಕೂ ಧ್ವನಿ ಒಂದೇ. ಆದರೆ ಇರಾನಿನ ವಿದೇಶಾಂಗ ವಕ್ತಾರ ಇಸ್ಮಾಯಿಲ್ ಬಘಾಯಿ ಹಿಂದಿನ ದಿನವಷ್ಟೇ ನಮ್ಮ ಸ್ಥಾವರಗಳಿಗೆ ಭಾರಿ ಹಾನಿಯಾಗಿದೆ ಅಂದಿದ್ದರು. ಟ್ರಂಪ್ ಕಡೆಯವರು ಆ ಮಾತನ್ನೇ ತಮ್ಮ ಟೀಕಾಕಾರರ ಮುಂದೆ ಹಿಡಿದರು. ಎರಡೂ ಕಡೆ ಎದುರಾಳಿಯ ಮನೆಯಲ್ಲೇ ಸಾಕ್ಷಿ ಹುಡುಕಿಕೊಂಡಿದ್ದವು.

ದಾಳಿಗೆ ಮೊದಲು ಇರಾನ್ ಹತ್ತಿರ 60 ಶೇಕಡಾ ಸಂವರ್ಧಿತ ಯುರೇನಿಯಂ ಸುಮಾರು 440 ಕಿಲೋ ಇತ್ತು ಅಂತ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಲೆಕ್ಕ ಹಾಕಿದೆ. ಅದು ಉಳಿದಿದೆಯೇ, ಎಲ್ಲಿದೆ ಅಂತ ಹೋಗಿ ನೋಡಬೇಕಾದವರು ಆ ಸಂಸ್ಥೆಯ ತಪಾಸಕರು. ಅವರೊಂದಿಗೆ ಸಹಕಾರ ನಿಲ್ಲಿಸುವ ಮಸೂದೆಯನ್ನು ಮಜ್ಲಿಸ್ ಜೂನ್ 25ರಂದು ಪಾಸು ಮಾಡಿತು. ಜುಲೈ 4ರಂದು ತಪಾಸಕರ ತಂಡ ಟೆಹರಾನ್ ಬಿಟ್ಟು ವಿಯೆನ್ನಾಕ್ಕೆ ಹೊರಟಿತು.